ಒಳಹರಿವು, ಹೊರಹರಿವು, ಹತ್ತು ಕೋಳಿ

ಕೋಳಿಗೆ ಬೆವರು ಬರುವುದಿಲ್ಲ ಎಂಬ ಸಂಗತಿ ನನಗೆ ಗೊತ್ತಾದದ್ದು ಮೇ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ. ಆಗ ನಾನು, ಅಂಗಿ ಹಿಂಡಿದರೆ ಅರ್ಧ ತಂಬಿಗೆ ನೀರು ಬೀಳುವ ಸ್ಥಿತಿಯಲ್ಲಿ, ಹಿತ್ತಲಿನ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಒಳಗೆ ಹತ್ತು ಕೋಳಿಗಳು ಬಾಯಿ ತೆರೆದುಕೊಂಡು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಕಂಕುಳಲ್ಲಿ ಕುರು ಎದ್ದವರಂತೆ ನಿಂತಿದ್ದವು.

‘ನಿನಗ ಬೆವರಾದ್ರೂ ಬರ್ತೈತಿ. ಪಾಪ, ಅವಕ್ಕ ಅದೂ ಇಲ್ಲ’ ಎಂದಳು ಅವ್ವ. ನನ್ನ ಬೆವರನ್ನು ಯಾರಾದರೂ ಸೌಭಾಗ್ಯ ಎಂದು ಕರೆದದ್ದು ಅದೇ ಮೊದಲು.

ನಮ್ಮ ಮನೆ ಟಿ.ಬಿ. ಡ್ಯಾಮಿನಲ್ಲಿದೆ, ಅಂದರೆ ತುಂಗಭದ್ರಾ ಅಣೆಕಟ್ಟಿನ ಮಗ್ಗುಲಲ್ಲೇ ಇದೆ ಎಂದರೆ ಕಂಪ್ಲಿಯ ಬೀಗರಿಗೆ ಹೊಟ್ಟೆಕಿಚ್ಚು. ‘ನಿಮಗೇನ್ ಬಿಡ್ರಿ, ಮಗ್ಗಲದಾಗ ಸಮುದ್ರ ಐತಿ, ತಂಪು’ ಅನ್ನುತ್ತಾರೆ. ಅವರು ಬರುವುದು ಆಗಸ್ಟಿನಲ್ಲಿ, ಗೇಟು ತೆಗೆದಾಗ, ನೀರಿನ ತುಂತುರಿಗೆ ಮುಖ ಒಡ್ಡಿ ಮಿರ್ಚಿ ತಿನ್ನಲಿಕ್ಕೆ. ಮೇನಲ್ಲಿ ಬಂದರೆ ಗೊತ್ತಾಗುತ್ತಿತ್ತು. ಆ ಹೊತ್ತಿಗೆ ಸಮುದ್ರ ದೂರ ಸರಿದು, ಅದರ ತಳದಲ್ಲಿ ಕುರಿ ಮೇಯುತ್ತಿರುತ್ತವೆ. ಸುತ್ತಲಿನ ಬಂಡೆಗುಡ್ಡಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯಿಡೀ ನಮ್ಮ ಮೇಲೆ ಉಸಿರು ಬಿಡುತ್ತವೆ. ಹಂಪಿ ನೋಡಲು ಬಂದವರು ಅವುಗಳ ಫೋಟೊ ತೆಗೆದುಕೊಂಡು ಎಸಿ ರೂಮಿಗೆ ಹೋಗುತ್ತಾರೆ. ನಾವು ಬಂಡೆಗಳ ಜೊತೆ ಸಂಸಾರ ಮಾಡುವವರು.

ಕೋಳಿಗಳು ಬಂದದ್ದು ಸಂಡೂರಿನ ಚಿಗವ್ವನ ಮನೆಯಿಂದ. ಒಂಬತ್ತು ಹೇಂಟೆ, ಒಂದು ಹುಂಜ, ಎಲ್ಲ ಜವಾರಿ. ಸಂಡೂರು ಗಿಡಮರದ ಊರು. ಅಲ್ಲಿನ ನೆರಳಿನಲ್ಲಿ ಬೆಳೆದ ಜೀವಗಳು ನಮ್ಮ ಹಿತ್ತಲಿಗೆ ಕಾಲಿಟ್ಟು ಒಮ್ಮೆ ಆಕಾಶ ನೋಡಿ, ಒಮ್ಮೆ ನನ್ನ ಮುಖ ನೋಡಿದವು. ವರ್ಗಾವಣೆಯಾಗಿ ಬಂದ ನೌಕರರ ಮುಖದಲ್ಲಿ ಆ ನೋಟವನ್ನು ನಾನು ನೋಡಿದ್ದೇನೆ.

ಇಲ್ಲಿ ನಮ್ಮ ಅಪ್ಪನ ಬಗ್ಗೆ ಹೇಳಬೇಕು. ಅವರು ಡ್ಯಾಮಿನಲ್ಲಿ ನೀರಿನ ಮಟ್ಟ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಎಂದು ಬರೆದೂ ಬರೆದೂ ಅವರಿಗೆ ಜಗತ್ತಿನಲ್ಲಿ ಬೇರೆ ಕಾಲಂ ಇದೆ ಎಂಬುದೇ ಮರೆತಿದೆ. ನನ್ನ ಮದುವೆಯ ಮುಯ್ಯಿ ಪುಸ್ತಕದಲ್ಲೂ ಒಳಹರಿವು, ಹೊರಹರಿವು ಎಂದೇ ಗೆರೆ ಹಾಕಿದ್ದರು. ಡ್ಯಾಂ ಭರ್ತಿಯಾದಾಗಿನ ಮಟ್ಟವಾದ 1633 ಅಡಿ ಎಂಬುದು ನಮ್ಮ ಮನೆಯಲ್ಲಿ ಒಂದು ಅಂಕಿ ಅಲ್ಲ, ಅದೊಂದು ಭಾವನೆ. ಹೊಟ್ಟೆ ತುಂಬ ಉಂಡ ಮೇಲೆ ಅಪ್ಪ ತೇಗಿ ‘ಸಾವಿರದ ಆರ್ನೂರ ಮೂವತ್ತಮೂರು’ ಅನ್ನುತ್ತಾರೆ. ಮುಂದೆ ಅವ್ವ ಬಡಿಸುವುದಿಲ್ಲ.

ಕೋಳಿ ಬಂದ ದಿನವೇ ಅವರು ಹೊಸ ರಿಜಿಸ್ಟರ್ ತೆರೆದರು. ಒಳಹರಿವು: ನೀರು, ನುಚ್ಚು, ಜೋಳ. ಹೊರಹರಿವು: ಮೊಟ್ಟೆ. ಕೋಳಿಗಳಿಗೆ ನಾಮಕರಣವೂ ಅವರದೇ. ಎಷ್ಟು ಭದ್ರವಾಗಿ ಬಾಗಿಲು ಹಾಕಿದರೂ ಕಿತ್ತುಕೊಂಡು ಹೋಗುವ ಕೆಂಪು ಹೇಂಟೆಗೆ ‘ಹತ್ತೊಂಬತ್ತು’ ಎಂದಿಟ್ಟರು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋದ 19ನೇ ಗೇಟಿನ ನೆನಪಿಗೆ. ಮೂವತ್ತಮೂರು ಗೇಟುಗಳಲ್ಲಿ ಅಂದು ಕೈಕೊಟ್ಟದ್ದು ಅದೊಂದೇ. ಹರಿಯುವ ನೀರಿನಲ್ಲೇ ಅಲ್ಲಿ ತಾತ್ಕಾಲಿಕ ಗೇಟು ಇಳಿಸುವವರೆಗೆ ಅಪ್ಪ ಸರಿಯಾಗಿ ಉಂಡಿರಲಿಲ್ಲ. ಆ ಸಂಕಟವನ್ನೇ ಕೋಳಿಯ ಹೆಸರು ಮಾಡಿಕೊಂಡದ್ದು ಹೇಗೆ ಎಂದು ಕೇಳಿದೆ. ‘ಹೆಸರಿಟ್ಟು ಬೈದ್ರ ಮನಸ್ಸು ಹಗುರಾಗತೈತಿ’ ಎಂದರು. ಎದೆ ಉಬ್ಬಿಸಿಕೊಂಡು ತಿರುಗುತ್ತ ಕೂಗುವುದೊಂದನ್ನು ಬಿಟ್ಟು ಬೇರೇನೂ ಮಾಡದ ಹುಂಜ ‘ಸಾಹೇಬ್ರು’. ಅಟ್ಟದ ಮೇಲೆಯೇ ಕೂರಬೇಕೆಂದು ಹಟ ಮಾಡುವ ಬಿಳಿ ಹೇಂಟೆಗೆ, ಡ್ಯಾಮಿನ ಪಕ್ಕದ ಗುಡ್ಡದ ಮೇಲಿರುವ ಅತಿಥಿಗೃಹದ ಹೆಸರು: ‘ವೈಕುಂಠ’.

‘ಜೀವ ಇರೋ ಪ್ರಾಣಿಗೆ ಎಂಥಾ ಹೆಸರ್ರೀ ಅದು’ ಎಂದು ಅವ್ವ ನೆಲಕ್ಕೆ ಬೆರಳು ಮುರಿದಳು.

ಏಪ್ರಿಲ್ ಹತ್ತಿರ ಬಂದಂತೆ ರಿಜಿಸ್ಟರಿನಲ್ಲಿ ಹೊರಹರಿವು ಕುಸಿಯಿತು. ಆರು, ನಾಲ್ಕು, ಎರಡು. ಒಂದು ದಿನ ‘ಹತ್ತೊಂಬತ್ತು’ ಚಿಪ್ಪೇ ಇಲ್ಲದ, ಬರೀ ಪೊರೆಯ ಮೆತ್ತನೆಯ ಮೊಟ್ಟೆ ಇಟ್ಟಿತು. ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಹೋದರು. ವಾಪಸು ಬಂದಾಗ ಅವರ ಮುಖದಲ್ಲಿ ಇಲಾಖಾ ತರಬೇತಿ ಮುಗಿಸಿದ ಕಳೆ ಇತ್ತು.

ಅವರು ತಿಳಿದುಕೊಂಡು ಬಂದದ್ದು ಇಷ್ಟು. ನಮ್ಮ ಮೈ 37 ಡಿಗ್ರಿ. ಕೋಳಿಯದು ಆರೋಗ್ಯವಾಗಿದ್ದಾಗಲೇ 41ರ ಮೇಲೆ. ಅಂದರೆ ನಾವು ಜ್ವರ ಎಂದು ಕಂಬಳಿ ಹೊದ್ದು ಮಲಗುವ ಕಾವಿನಲ್ಲಿ ಅದು ಕಾಳು ಕೆದಕುತ್ತಿರುತ್ತದೆ. ಮೈಯ ಶಾಖವನ್ನು ಹೊರಗೆ ಹಾಕಲು ಅದಕ್ಕಿರುವ ದಾರಿ ಕೆಲವೇ: ಜುಟ್ಟು, ಗಲ್ಲದ ಕೆಳಗಿನ ಜೋಲು ತೊಗಲು, ಪುಕ್ಕವಿಲ್ಲದ ಕಾಲು, ಮತ್ತು ಏದುಸಿರು. ಹೊರಗೇ 40 ದಾಟಿದರೆ ಜುಟ್ಟಿನಿಂದ ಶಾಖ ಎಲ್ಲಿಗೆ ಹೋಗಬೇಕು? ಉಳಿದದ್ದು ಏದುಸಿರೊಂದೇ. ಆ ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಅಳತೆ ಮೀರಿ ಹೋಗಿಬಿಡುತ್ತದೆ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟಿನದು, ಸುಣ್ಣದ ಕಲ್ಲಿನ ದಾಯಾದಿ. ಅದಕ್ಕೆ ಬೇಕಾದ ಸರಕು ಉಸಿರಿನಲ್ಲೇ ಹಾರಿಹೋದರೆ ಚಿಪ್ಪು ತೆಳ್ಳಗಾಗುತ್ತದೆ.

‘ಸುರ್ಕಿ ಗಾರೆ ಹಾಕಿ ಕಲ್ಲಿನ್ಯಾಗ ಡ್ಯಾಂ ಕಟ್ಟಿದ್ರು, ಇನ್ನೂ ನಿಂತೈತಿ. ಇದಕ್ಕ ಗಾರೆನೇ ಇಲ್ಲ’ ಎಂದು ಅಪ್ಪ ಮೆತ್ತನೆಯ ಮೊಟ್ಟೆಯನ್ನು ಮೇಜಿನ ಮೇಲಿಟ್ಟರು. ಅದು ಉರುಳಿತು. ಮುಂದಿನದು ಬೇಡ.

ಬೇಸಿಗೆ ರಜೆಯಲ್ಲಿ ಮನೆಯಲ್ಲಿದ್ದ ಮೇಷ್ಟ್ರಾದ ನಾನು ಈಗ ಕಾರ್ಯಾಚರಣೆಗೆ ಇಳಿದೆ. ಮೊದಲು ಪೈಪು ಹಿಡಿದು ಕೋಳಿಗಳ ಮೇಲೆ ನೀರು ಬಿಟ್ಟೆ. ಹತ್ತೂ ಕೋಳಿಗಳು ಹತ್ತು ದಿಕ್ಕಿಗೆ ಹಾರಿ, ಬಿಸಿಲಿನಲ್ಲಿ ಅರ್ಧ ತಾಸು ಓಡಾಡಿ, ಮೊದಲಿಗಿಂತ ಹೆಚ್ಚು ಏದುಸಿರು ಬಿಟ್ಟವು. ‘ಸಾಹೇಬ್ರು’ ಪಕ್ಕದ ಮನೆಯ ಹಪ್ಪಳದ ಮೇಲೆ ಒದ್ದೆ ಕಾಲಿನಲ್ಲಿ ತಪಾಸಣೆ ನಡೆಸಿದರು. ಆ ಹಪ್ಪಳದ ಲೆಕ್ಕ ಈಗಲೂ ಚುಕ್ತಾ ಆಗಿಲ್ಲ.

ಎರಡನೆಯದು ಟೇಬಲ್ ಫ್ಯಾನು. ಅದು ಬಿಸಿಗಾಳಿಯನ್ನು ದೂರದಿಂದ ತಂದು ಕೋಳಿಗಳ ಮುಖಕ್ಕೆ ಎರಚಿತು. ಆಮೇಲೆ ಕರೆಂಟು ಹೋಯಿತು, ಕೋಳಿಗಳಿಗೆ ಸಮಾಧಾನವಾಯಿತು. ಮೂರನೆಯದು ನನ್ನ ರೂಮಿನ ಕೂಲರ್. ಮುಚ್ಚಿದ ಗೂಡಿನೊಳಗೆ ಅದು ಬಿಟ್ಟ ತೇವಕ್ಕೆ ಒಳಗೆಲ್ಲ ಹಬೆಯಾಡಿ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತಾಯಿತು. ಗಾಳಿಯಲ್ಲಿ ಪಸೆ ಏರಿದರೆ ಏದುಸಿರು ಬಿಟ್ಟೂ ಉಪಯೋಗವಿಲ್ಲ, ಬಾಯಿಯ ತೇವ ಆರುವುದೇ ಇಲ್ಲ ಎಂದು ಆಮೇಲೆ ತಿಳಿಯಿತು. ಕೂಲರ್ ನನ್ನ ರೂಮಿಗೆ ವಾಪಸು ಬಂತು. ಅದರಲ್ಲಿ ಸಿಕ್ಕಿದ್ದ ಪುಕ್ಕಗಳು ಇಂದಿಗೂ ರಾತ್ರಿ ಒಂದೊಂದೇ ಹಾರಿಬಂದು ನನ್ನ ಮೂಗಿನ ಮೇಲೆ ಇಳಿಯುತ್ತವೆ.

ಅಷ್ಟರಲ್ಲಿ ಅವ್ವ ಗೂಡಿನ ಮೇಲೆ ಕೈ ಇಟ್ಟು ನೋಡಿ ಚಟ್ಟನೆ ತೆಗೆದಳು. ಗೂಡಿಗೆ ತಗಡು ಹೊದಿಸಿದವನು ನಾನೇ.

‘ರೊಟ್ಟಿ ಹಂಚು ಬೋರಲು ಹಾಕಿ ಒಳಗ ಕೋಳಿ ಕೂಡಿಸೀಯಲ್ಲೋ! ಮಸಾಲಿ ಒಂದು ಹಾಕೋದು ಬಾಕಿ.’

ಅಲ್ಲಿಂದ ಆಡಳಿತ ಅವ್ವನ ಕೈಗೆ ಹೋಯಿತು. ಗೂಡನ್ನು ಎತ್ತಿ ಬೇವಿನ ಮರದ ಕೆಳಗೆ ಇಡಿಸಿದಳು. ಮೂರು ಕಡೆಯ ಹಲಗೆ ಕೀಳಿಸಿ ಜಾಲರಿ ಹೊಡೆಸಿದಳು. ಮುಂಗುಸಿಗೆ ದಾರಿಯಿಲ್ಲ, ಗಾಳಿಗೆ ತಡೆಯಿಲ್ಲ. ನೆಂಟರನ್ನು ಹಂಪಿಗೆ ಕರೆದುಕೊಂಡು ಹೋದಾಗಲೆಲ್ಲ ಕಮಲ ಮಹಲಿನ ಮುಂದೆ ನಿಂತು ನಾನು ಕಮಾನುಗಳ ವಿಷಯದಲ್ಲಿ ಅರ್ಧ ತಾಸು ಭಾಷಣ ಮಾಡುತ್ತೇನೆ, ನಾಲ್ಕೂ ಕಡೆ ಬಯಲಿಗೆ ತೆರೆದುಕೊಂಡ ಅದರ ವೈಭವದ ಬಗ್ಗೆ. ಮನೆಗೆ ಬಂದು ಕೋಳಿಗೆ ಕಟ್ಟಿದ್ದು ಮಾತ್ರ ತಗಡಿನ ಪೆಟ್ಟಿಗೆ. ತಗಡಿನ ಮೇಲೆ ಕಂಪ್ಲಿ ಬೀಗರ ಹೊಲದಿಂದ ತಂದ ಕಬ್ಬಿನ ರವದಿಯನ್ನು ಗೇಣು ದಪ್ಪ ಹೊದಿಸಿದೆವು. ಪಡುವಣ ಬಿಸಿಲು ಬೀಳುವ ಕಡೆಗೆ ಒದ್ದೆ ಗೋಣಿ ಚೀಲ, ಜಾಲರಿಯಿಂದ ಒಂದು ಮೊಳ ದೂರ ಬಿಟ್ಟು. ಕುಡಿಯುವ ನೀರಿಗೆ ಪ್ಲಾಸ್ಟಿಕ್ ಬೋಗುಣಿ ಹೋಗಿ ಒಡೆದ ಗಡಿಗೆಯ ತಳ ಬಂತು. ಮೇವು ನಸುಕಿನಲ್ಲಿ ಒಮ್ಮೆ, ಹೊತ್ತು ಇಳಿದ ಮೇಲೆ ಒಮ್ಮೆ. ತಿಂದದ್ದು ಅರಗುವಾಗಲೂ ಮೈ ಕಾಯುತ್ತದಾದ್ದರಿಂದ ನಡು ಮಧ್ಯಾಹ್ನ ಕಾಳು ಬಂದ್. ಬೇಕಾದರೆ ಕಲ್ಲಂಗಡಿ ಸಿಪ್ಪೆ, ಸವತೆಕಾಯಿ. ಕಲ್ಲಂಗಡಿಯ ಕೆಂಪು ಭಾಗ ನಮಗೆ, ಬಿಳಿ ಭಾಗ ಕೋಳಿಗೆ ಎಂಬ ಒಪ್ಪಂದ ಒಂದು ವಾರ ನಡೆಯಿತು. ಆಮೇಲೆ ಅವ್ವ ಕೆಂಪನ್ನೂ ದಪ್ಪಗೆ ಬಿಟ್ಟು ಕತ್ತರಿಸತೊಡಗಿದಳು.

ಇಷ್ಟೆಲ್ಲ ನಾವು ಮಾಡುವ ಮೊದಲೇ ಕೋಳಿಗಳು ತಮ್ಮ ಪಾಡಿಗೆ ಒಂದು ಯೋಜನೆ ಮುಗಿಸಿದ್ದವು. ಬಚ್ಚಲ ನೀರು ಹೊರಬೀಳುವ ಕಡೆ ‘ಹತ್ತೊಂಬತ್ತು’ ಒಂದು ಗುಂಡಿ ಕೆದಕಿ, ತಂಪು ಮಣ್ಣಿಗೆ ಹೊಟ್ಟೆ ಹಚ್ಚಿ ಮಲಗುತ್ತಿತ್ತು. ಅದನ್ನು ಕಂಡು ಅಪ್ಪನೊಳಗಿನ ನೀರಾವರಿ ಎದ್ದು ಕೂತಿತು. ಸನಿಕೆ ಹಿಡಿದು ಬಚ್ಚಲಿನಿಂದ ಬೇವಿನ ಬುಡದವರೆಗೆ ಕಾಲುವೆ ತೋಡಿದರು. ವಿಜಯನಗರದ ಅರಸರ ಕಾಲದಿಂದ ಹೊಸಪೇಟೆಯ ಬಾಳೆ, ಕಬ್ಬನ್ನು ಸಾಕಿದ ರಾಯ, ಬಸವಣ್ಣ ಕಾಲುವೆಗಳ ಹೆಸರನ್ನೇ ಅದಕ್ಕೂ ಇಟ್ಟರು. ಅಂದಿನಿಂದ ನಾನು ಸ್ನಾನಕ್ಕೆ ಹೋದರೆ ಹೊರಗಿನಿಂದ ಕೂಗು: ‘ಇನ್ನೆರಡು ಚೊಂಬು ಬಿಡೋ, ಕಡೀ ಭಾಗಕ್ಕ ನೀರು ಮುಟ್ಟಿಲ್ಲ!’ ಕಾಲುವೆಯ ಕೊನೆಯ ರೈತನ ಕೂಗನ್ನು ಇಷ್ಟು ವರ್ಷ ಆ ಕಡೆಯಿಂದ ಕೇಳಿದವರು, ಈಗ ಈ ಕಡೆಯಿಂದ ಕೂಗುತ್ತಿದ್ದರು. ಸಾಬೂನು ಹಚ್ಚುವಂತಿಲ್ಲ ಎಂಬ ಆದೇಶವೂ ಬಂತು.

ಎಲ್ಲ ಸರಿಹೋಯಿತು ಅನ್ನುವಾಗ ‘ವೈಕುಂಠ’ ಕಾವಿಗೆ ಕೂತಿತು. ಅಟ್ಟದ ಮೇಲೆ, ಹಂಚಿನ ಕೆಳಗೆ, ಒಂಬತ್ತು ಮೊಟ್ಟೆಯ ಮೇಲೆ. ಕಾವಿಗೆ ಕೂತ ಕೋಳಿಗೆ ಹಸಿವು ನೀರಡಿಕೆ ಅಷ್ಟಕ್ಕಷ್ಟೆ; ದಿನಕ್ಕೊಮ್ಮೆ ಎದ್ದರೆ ಹೆಚ್ಚು. ನಾವು ಇಳಿಸಿದಷ್ಟು ಸಲ ಅದು ಏರಿತು. ಮೇ ಮೂರನೇ ವಾರದ ಒಂದು ಮಧ್ಯಾಹ್ನ ಅಟ್ಟದಿಂದ ಮೂಟೆ ಬಿದ್ದ ಸದ್ದು. ನೋಡಿದರೆ ಕೋಳಿ ನೆಲದ ಮೇಲೆ ಕತ್ತು ಚಾಚಿ ಬಿದ್ದಿದೆ, ಜುಟ್ಟು ಕಪ್ಪಿಟ್ಟಿದೆ, ಕಣ್ಣು ಅರೆಮುಚ್ಚಿದೆ.

ನಾನು ಫ್ರಿಜ್ಜಿನ ನೀರಿಗೆ ಓಡಿದೆ. ‘ಮುಟ್ಟಬ್ಯಾಡ! ಒಮ್ಮೆಲೆ ಐಸಿನ ನೀರು ಹಾಕಿದ್ರ ಇದ್ದ ಜೀವಾನೂ ಹೋಗ್ತೈತಿ’ ಎಂದು ಅವ್ವ ತಡೆದಳು. ಗಡಿಗೆಯ ನೀರು ತಂದು ಅದರ ಕಾಲುಗಳನ್ನಷ್ಟೇ ಅದ್ದಿ ಹಿಡಿದಳು. ಒದ್ದೆ ಬೆರಳಿನಿಂದ ಜುಟ್ಟು ಸವರಿದಳು. ಚೂರು ಬೆಲ್ಲ, ಚಿಟಿಕೆ ಉಪ್ಪು ಕದಡಿದ ನೀರನ್ನು ಕೊಕ್ಕಿನ ತುದಿಗೆ ಹನಿ ಹನಿಯಾಗಿ ತಾಗಿಸಿದಳು. ಅಪ್ಪ ರಿಜಿಸ್ಟರ್ ಹಿಡಿದುಕೊಂಡು ನಿಂತಿದ್ದರು, ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ. ಕಾಲು ತಾಸು ಯಾರೂ ಮಾತಾಡಲಿಲ್ಲ. ಆಮೇಲೆ ಕೋಳಿ ಒಂದು ಕಣ್ಣು ತೆರೆದು, ನಮ್ಮ ಮೂವರನ್ನೂ ನೋಡಿ, ಅವ್ವನ ಕೈಗೆ ಕುಕ್ಕಿ, ಅಟ್ಟದ ಕಡೆ ನಡೆಯಿತು.

‘ಹೆಸರು ಬದಲ್ಸ್ರಿ ಮೊದಲು’ ಎಂದಳು ಅವ್ವ, ಕೈ ಉಜ್ಜಿಕೊಳ್ಳುತ್ತ.

ಅಂದು ಸಂಜೆಯೊಳಗೆ ಮೊಟ್ಟೆಗಳ ಸಮೇತ ಅದನ್ನು ಬುಟ್ಟಿಯಲ್ಲಿ ಕೂಡಿಸಿ, ಬೇವಿನ ಕೆಳಗಿನ ಗೂಡಿನ ಮೂಲೆಗೆ ಸ್ಥಳಾಂತರಿಸಿದೆವು. ರಾತ್ರಿ ಒಂಬತ್ತಕ್ಕೆ ಕರೆಂಟು ಹೋಯಿತು. ಮನೆಯೊಳಗೆ ಗೋಡೆ ಮುಟ್ಟಿದರೆ ಗೋಡೆ ಬಿಸಿ, ಹಾಸಿಗೆ ಮುಟ್ಟಿದರೆ ಹಾಸಿಗೆ ಬಿಸಿ. ಬೀಸಣಿಗೆ ಹಿಡಿದು ಹಿತ್ತಲಿಗೆ ಬಂದೆ. ಗೂಡಿನ ಪಕ್ಕದಲ್ಲಿ ಅಪ್ಪ ಆಗಲೇ ಹೊರಸು ಹಾಕಿದ್ದರು. ಅವ್ವ ಚಾಪೆ ಬಿಡಿಸುತ್ತಿದ್ದಳು. ಒದ್ದೆ ಗೋಣಿಯನ್ನು ಹಾಯ್ದು ಬಂದ ಗಾಳಿ ನನಗೂ ತಾಗಿತು. ನಾನೂ ಉರುಳಿಕೊಂಡೆ. ಜಾಲರಿಯ ಆಚೆಯಿಂದ ‘ಹತ್ತೊಂಬತ್ತು’ ಗುರ್‌ಗುಟ್ಟಿ ತುಸು ಸರಿದು ಕೂತಿತು.

ನಸುಕಿನ ನಾಲ್ಕಕ್ಕೆ ‘ಸಾಹೇಬ್ರು’ ನನ್ನ ಕಿವಿಯ ಮಗ್ಗುಲಲ್ಲೇ ಕೂಗಿದರು. ಬೆಚ್ಚಿ ಎದ್ದು ನೋಡಿದರೆ, ಅಪ್ಪ ಮೊಬೈಲಿನ ಬೆಳಕಿನಲ್ಲಿ ರಿಜಿಸ್ಟರ್ ಬರೆಯುತ್ತಿದ್ದರು. ಬಗ್ಗಿ ಓದಿದೆ.

‘ಗೂಡು. ಸಂಗ್ರಹ: 10. ಒಳಹರಿವು: 3. ಹೊರಹರಿವು: ಇಲ್ಲ.’