ಚಾವಿ ಎಲ್ಲಿ ಮಾರಾಯ್ರೆ?

ರೈಲು ಕಾಸರಗೋಡು ದಾಟಿದ ಮೇಲೆ ನನ್ನವಳಿಗೆ ನೆನಪಾಯಿತು. "ಹಿಂಬಾಗಿಲ ಚಾವಿ ನಿಮ್ಮ ಹತ್ರ ಉಂಟಲ್ಲ ಮಾರಾಯ್ರೆ?"

ಮೈಸೂರು ಕಡೆಯವನಾದ ನನಗೆ ಅದು ಬೀಗದಕೈ, ಮಂಗಳೂರಿನವಳಾದ ಅವಳಿಗೆ ಚಾವಿ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಈ ಗಡಿವಿವಾದ ಬಗೆಹರಿದಿಲ್ಲ. ಹೆಸರು ಏನೇ ಇರಲಿ, ವಸ್ತು ನನ್ನ ಜೇಬಿನಲ್ಲಿರಲಿಲ್ಲ. ಪಕ್ಕದ ಮನೆಗೆ ಫೋನಾಯಿಸಿದರೆ ಯಾರೂ ಎತ್ತಲಿಲ್ಲ. ಹೀಗಾಗಿ ನಾವು ಕಣ್ಣೂರಿನ ಸೇಂಟ್ ಆಂಜೆಲೊ ಕೋಟೆಯನ್ನು ಹೊಕ್ಕಾಗ ನಮ್ಮ ಮನೆ ಮಂಗಳೂರಿನಲ್ಲಿ ಬಹುಶಃ ಬಾಗಿಲು ತೆರೆದುಕೊಂಡು ನಿಂತಿತ್ತು.

ಕೋಟೆಯನ್ನು ಕಂಡವಳೇ ಅವಳು, "ಇದೆಂಥ, ನಮ್ಮ ಬಾವಿಕಟ್ಟೆಯ ಮುರಕಲ್ಲೇ ಅಲ್ವಾ?" ಎಂದಳು. ಹೌದು, ಅದೇ ಕೆಂಪು ಕಲ್ಲು. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡ, ಕೋಲತ್ತಿರಿ ರಾಜನ ಒಪ್ಪಿಗೆ ಪಡೆದು ಕಟ್ಟಿಸಲು ತೊಡಗಿದ ಕೋಟೆ ಇದು. ಒಪ್ಪಿಗೆ ಕೊಟ್ಟವರಿಗೆ ಎರಡೇ ವರ್ಷದಲ್ಲಿ ಸಾಕಾಯಿತು. ಪೋರ್ಚುಗೀಸರು ಇಲ್ಲಿನ ಹಡಗೊಂದನ್ನು ಹಿಡಿದು ಅದರಲ್ಲಿದ್ದವರನ್ನು ಕೊಂದಿದ್ದರು. 1507ರಲ್ಲಿ ಊರು ತಿರುಗಿಬಿತ್ತು, ಕಲ್ಲಿಕೋಟೆಯ ಸಾಮೂದಿರಿಯೂ ಜೊತೆಗೂಡಿದ. ಸುಮಾರು ನಾಲ್ಕು ತಿಂಗಳ ಮುತ್ತಿಗೆ, ಅದೂ ಮಳೆಗಾಲದಲ್ಲಿ. ಒಳಗಿದ್ದವರಿಗೆ ತಿನ್ನಲು ಏನೂ ಉಳಿಯದಿದ್ದಾಗ ಸಮುದ್ರವೇ ಒಂದು ದಿನ ರಾಶಿ ರಾಶಿ ಸಿಗಡಿಯನ್ನು ದಡಕ್ಕೆ ಎಸೆಯಿತೆಂದು ಅವರ ಚರಿತ್ರಕಾರರು ಬರೆದಿದ್ದಾರೆ.

"ಎಟ್ಟಿಯಾ?" ಎಂದಳು ನನ್ನವಳು. ಅಲ್ಲಿಯವರೆಗೂ ಚಾವಿಯ ಗುಂಗಿನಲ್ಲಿದ್ದವಳ ಮುಖ ಅರಳಿತು. "ಮುತ್ತಿಗೆ ಹಾಕಿದವರ ಅವಸ್ಥೆ ನೋಡಿ. ಹೊರಗೆ ಕಾವಲು ಇವರದ್ದು, ಊಟ ಅವರಿಗೆ."

ಒಳಗೆ ಡಚ್ ಅಧಿಕಾರಿಯೊಬ್ಬನ ಹೆಂಡತಿ ಸುಸಾನಾಳ ಸಮಾಧಿಶಿಲೆ ಇದೆ. 1745ರಲ್ಲಿ ತೀರಿಕೊಂಡಾಗ ಇನ್ನೂ ಹುಡುಗಿ. ಅದರ ಮುಂದೆ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಡಚ್ಚರು ಕೋಟೆ ಹಿಡಿದದ್ದು 1663ರಲ್ಲಿ. 1772ರಲ್ಲಿ ಅದನ್ನು ಅರಕ್ಕಲ್ ಮನೆತನದ ಆಲಿ ರಾಜನಿಗೆ ಮಾರಿದರು. ಕೋಟೆ ಮಾರುವುದೆಂದರೆ! ನಮ್ಮ ಆರು ಸೆಂಟ್ಸ್ ಜಾಗದ ಕಾಗದಪತ್ರಕ್ಕೇ ನಾನು ಮೂರು ಜೊತೆ ಚಪ್ಪಲಿ ಸವೆಸಿದ್ದೇನೆ. ಇಲ್ಲಿ ಬುರುಜು, ಕಂದಕ, ಸಮುದ್ರದ ನೋಟ ಎಲ್ಲ ಸೇರಿದ ಸ್ವತ್ತು, ಬ್ರೋಕರ್‌ಗೆ ಎಷ್ಟು ಸಿಕ್ಕಿತೋ! ಪಾಪ, ಕೊಂಡವರ ಕೈಯಲ್ಲೂ ನಿಲ್ಲಲಿಲ್ಲ. 1790ರಲ್ಲಿ ಇಂಗ್ಲಿಷರು ಬಂದರು.

ಕಡಲ ಕಡೆಗೆ ಬಾಯಿ ತೆರೆದುಕೊಂಡಿದ್ದ ಫಿರಂಗಿಗಳ ಪಕ್ಕದಲ್ಲಿ ನಿಂತು ಕೆಳಗಿನ ಮಾಪಿಳ ಕೊಲ್ಲಿಯ ಮೀನುದೋಣಿಗಳನ್ನು ನೋಡುತ್ತಿದ್ದಾಗ ತಟ್ಟನೆ ಹೊಳೆಯಿತು. ಚಾವಿ ಪೋರ್ಚುಗೀಸ್ ಪದ! ಪಗಾರ, ಪಾದ್ರಿ ಕೂಡ ಅದೇ ಹಡಗಿನಲ್ಲಿ ಬಂದವು. ಇಪ್ಪತ್ತೆರಡು ವರ್ಷದ ವ್ಯಾಜ್ಯಕ್ಕೆ ಕೊನೆಗೂ ಪುರಾವೆ ಸಿಕ್ಕಿತೆಂದು ಎದೆ ಉಬ್ಬಿಸಿ ಹೇಳಿದೆ. "ನೀನು ಇಷ್ಟು ವರ್ಷ ನನ್ನ ಹತ್ತಿರ ಪೋರ್ಚುಗೀಸ್ ಮಾತಾಡಿದ್ದೀಯ."

"ಬೆಳಿಗ್ಗೆ ನೀವು ತಿಂದದ್ದು ಎಂಥದು?"

ತಿಂದದ್ದು ಪರಂಗಿ ಹಣ್ಣು. ಪುರಾವೆಯನ್ನು ಮಡಚಿ ಒಳಗಿಟ್ಟುಕೊಂಡೆ.

"ಮತ್ತೆ, ಅವರು ಇಲ್ಲಿ ಎಷ್ಟು ವರ್ಷ ಇದ್ರು?"

"ನೂರೈವತ್ತೆಂಟು."

"ಚಾವಿ ಎಲ್ಲಿಟ್ಟದ್ದು ಅಂತ ನೆನಪಿಲ್ಲದವರಿಗೆ ಅಷ್ಟು ವರ್ಷ ಸಿಕ್ಕಿದ್ದೇ ಹೆಚ್ಚು," ಎಂದು ನನ್ನನ್ನೇ ದಿಟ್ಟಿಸಿದಳು.

ಅಷ್ಟರಲ್ಲಿ ಫೋನ್ ಬಂತು. ಪಕ್ಕದ ಮನೆಯಾಕೆ. ಹಿಂಬಾಗಿಲಿಗೆ ಬೀಗ ಬಿದ್ದಿದೆಯಂತೆ. ಚಾವಿ ಮಾತ್ರ ಬೀಗದಲ್ಲೇ ನೇತಾಡುತ್ತಿದೆಯಂತೆ.

"ಅದನ್ನು ತೆಗೆದು ನಿಮ್ಮಲ್ಲೇ ಇಟ್ಕೊಳ್ಳಿ ಅಕ್ಕಾ," ಎಂದು ಫೋನಿಟ್ಟು, ನನ್ನ ಕಡೆ ತಿರುಗಿದಳು. "ಬನ್ನಿ, ಇಲ್ಲಿ ಒಳ್ಳೆ ಎಟ್ಟಿ ಎಲ್ಲಿ ಸಿಗ್ತದೆ ಅಂತ ಆ ಆಟೋದವರ ಹತ್ರ ಕೇಳುವ."