ಮೈನಸ್ ನಲವತ್ತಕ್ಕೆ ಹೊಲಿದ ಕೋಟು

ಹವ್ಯಾಸ ಊರಿನ ಹವೆಗೆ ಹೊಂದಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನಾನು ಎರಡನೇ ಮಹಾಯುದ್ಧದ ವಿಮಾನಿಗಳ ಚಳಿಯುಡುಪು ಸಂಗ್ರಹಿಸುತ್ತೇನೆ. ವಾಸ ಬೆಂಗಳೂರಿನಲ್ಲಿ, ಕಾದ ತಾರಸಿಯ ಕೆಳಗೆ. ಅಮೆರಿಕದವರ ಬಿ-3 ಅಂದರೆ ಒಳಗೆ ಉಣ್ಣೆ ಹಾಗೇ ಉಳಿಸಿದ ಕುರಿಚರ್ಮದ ಕೋಟು. ಬಿ-17 ಬಾಂಬರಿನಲ್ಲಿ ಗನ್ನರ್ ನಿಲ್ಲುವ ಪಕ್ಕದ ಕಿಟಕಿ ಮೊದಮೊದಲು ತೆರೆದೇ ಇರುತ್ತಿತ್ತು. 25,000 ಅಡಿ ಎತ್ತರದಲ್ಲಿ ಮೈನಸ್ 40 ಡಿಗ್ರಿಯ ಗಾಳಿ. ಬರಿಗೈಯಲ್ಲಿ ಬಂದೂಕು ಮುಟ್ಟಿದರೆ ಚರ್ಮ ಲೋಹಕ್ಕೇ ಅಂಟುತ್ತಿತ್ತು. ಕುರಿಯೊಂದೇ ಸಾಲದೆ, ವಿಮಾನದ ಕರೆಂಟಿಗೆ ಪ್ಲಗ್ ಹಾಕಿಕೊಳ್ಳುವ, ಒಳಗೆ ತಂತಿ ಓಡಿಸಿದ ಉಡುಪೂ ಬಂತು. ಅದು ನನ್ನ ಬಳಿ ಇಲ್ಲ. ಬೆಸ್ಕಾಂ ಬಿಲ್ಲಿನ ಭಯ.

ಏಪ್ರಿಲ್‌ನ ಮಧ್ಯಾಹ್ನ ಬಿ-3 ತೊಟ್ಟು ಕನ್ನಡಿ ಮುಂದೆ ನಿಂತಿದ್ದಾಗ ಕಾಲಿಂಗ್ ಬೆಲ್ ಆಯಿತು. ಜಿಪ್ಪೂ ಯುದ್ಧಕಾಲದ್ದೇ, ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಹಾಗೇ ಬಾಗಿಲು ತೆರೆದೆ. ಗ್ಯಾಸ್ ಸಿಲಿಂಡರ್ ತಂದ ಹುಡುಗ ಎರಡು ಹೆಜ್ಜೆ ಹಿಂದೆ ಸರಿದು, "ಚಳಿಜ್ವರಾನಾ ಸಾರ್?" ಎಂದ. ಹೂಂ ಅಂದೆ. ಇತಿಹಾಸ ಹೇಳುವಷ್ಟು ಉಸಿರು ಉಳಿದಿರಲಿಲ್ಲ. ಪಾಪ, ಸಿಲಿಂಡರನ್ನು ಅಡುಗೆಮನೆವರೆಗೂ ಹೊತ್ತು ಇಟ್ಟ. ಕೊಟ್ಟ ದುಡ್ಡನ್ನು ತುದಿಬೆರಳಲ್ಲಿ ಹಿಡಿದು ಓಡಿದ.

ಮನೆಯವಳ ತಕರಾರು ಸೆಕೆಯದಲ್ಲ, ವಾಸನೆಯದು. ಮಳೆಗಾಲ ಬಂತೆಂದರೆ ಕೋಟಿಗೆ ಪೂರ್ವಜನ್ಮದ ಸ್ಮರಣೆ. ಹುಳ ಹಿಡಿಯದಿರಲೆಂದು ನುಸಿಗುಳಿಗೆ ಸುರಿದೆ. ಈಗ ಅವಳ ರೇಷ್ಮೆ ಸೀರೆಗಳೂ ವಾಯುಪಡೆ ಸೇರಿವೆ.

ಓದುಗರೇ, ಚಳಿಗಾಲದಲ್ಲಿ ಯಾರಾದರೂ ಲಡಾಖಿಗೆ ಹೊರಟಿದ್ದರೆ ತಿಳಿಸಿ. ಕೋಟು ಕೊಡುತ್ತೇನೆ, ಒಳಗೆ ನಾನೂ ಇರುತ್ತೇನೆ.