ಪಾಯಸದವರೆಗೂ ಚಾರ್ಜಿಂಗ್

ವಾಹನ ವರದಿಗಾರನಿಗೆ ಮದುವೆಮನೆಯಲ್ಲಿ ನೆಮ್ಮದಿಯ ಊಟವಿಲ್ಲ. ಎಲೆಗೆ ಉಪ್ಪು ಬೀಳುವ ಮೊದಲೇ ಪ್ರಶ್ನೆ ಬೀಳುತ್ತದೆ: "ಯಾವ ಕಾರು ತಗೊಳ್ಲಿ ಸಾರ್?" ಬ್ಯಾಟರಿ ಗಾಡಿಗಳ ಬಗ್ಗೆ ಬರೆಯುವವನೆಂದು ಗೊತ್ತಾದರಂತೂ ಪಾಯಸದವರೆಗೂ ಚಾರ್ಜಿಂಗ್ ಚರ್ಚೆಯೇ.

"2001ರಲ್ಲೇ ನಮ್ಮ ಬೆಂಗಳೂರಲ್ಲಿ ಚೇತನ್ ಮೈನಿಯವರ ಬ್ಯಾಟರಿ ಕಾರು ರೇವಾ ಬಂದಿತ್ತು, ಲಂಡನ್ನಿನಲ್ಲೂ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡ್ತು" ಎಂದು ನಾನು ಇತಿಹಾಸ ಬಿಚ್ಚಿದರೆ ಸೋದರಮಾವನದು ಒಂದೇ ಮಾತು: "ಅದ್ರಲ್ಲಿ ನಿಮ್ಮತ್ತೆ ಎಲ್ಲಿ ಕೂರೋದಪ್ಪಾ?" ನ್ಯಾಯವೇ. ಎರಡೇ ಬಾಗಿಲಿನ ಆ ಪುಟಾಣಿಯ ಹಿಂದಿನ ಸೀಟು ಮಕ್ಕಳ ಅಳತೆಯದು. ಅತ್ತೆಯ ಎದುರು ಇದನ್ನು ಹೇಳುವ ಪತ್ರಿಕಾ ಸ್ವಾತಂತ್ರ್ಯ ನನಗಿಲ್ಲ.

ವಿದ್ಯುತ್ ವಾಹನಗಳಿಗೆಂದೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ಸುಸ್ಥಿರ ಸಂಚಾರದ ಪತ್ರಿಕಾಗೋಷ್ಠಿಗಳಿಗೆ ಮಾತ್ರ ಭಾಷಣಕಾರರು ತಲೆಗೊಂದರಂತೆ ಡೀಸೆಲ್ ಕಾರಿನಲ್ಲೇ ಬಂದಿಳಿಯುತ್ತಾರೆ.

ಸ್ಕೂಟರ್ ಬಿಡುಗಡೆಯಾದಾಗಲೆಲ್ಲ ಕಂಪನಿಯವರು ಸೊನ್ನೆಯಿಂದ ನಲವತ್ತಕ್ಕೆ ಎಷ್ಟು ಸೆಕೆಂಡೆಂದು ದಶಮಾಂಶ ಸಮೇತ ಒಪ್ಪಿಸುತ್ತಾರೆ. ನಾನೂ ಶ್ರದ್ಧೆಯಿಂದ ಬರೆದುಕೊಳ್ಳುತ್ತೇನೆ. ಸಂಜೆ ಆರರ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಆ ನಲವತ್ತನ್ನು ಕಂಡ ಪುಣ್ಯಾತ್ಮರಿದ್ದರೆ ದಯವಿಟ್ಟು ತಿಳಿಸಿ, ಸಂದರ್ಶನ ಮಾಡಬೇಕಿದೆ.